ಓರ್ಕಾ ಮತ್ತು ಮೊಸಳೆ: ಆಕ್ಷೇಪಗಳಿಗೆ ಒಂದು ಉತ್ತರ

ತೆರೆದ ಕಡಲಿನಲ್ಲಿ ಓರ್ಕಾದ ಎದುರು ಉಪ್ಪುನೀರಿನ ಮೊಸಳೆ ನಿಲ್ಲಲಾರದು ಎಂದು ನಾನು ಬರೆದದ್ದು ಮೊಸಳೆಯ ಅಭಿಮಾನಿಗಳಿಗೆ ರುಚಿಸಿಲ್ಲ. ಬಂದ ಆಕ್ಷೇಪಗಳಲ್ಲಿ ಕೆಲವು ಬರೀ ಸಿಟ್ಟಿನವು. ಕೆಲವನ್ನು ಎತ್ತಿದವರು ಓದಿಕೊಂಡವರು, ಪ್ರಾಣಿಗಳನ್ನು ಪ್ರೀತಿಸುವವರು. ಅವರ ಮಾತಿಗೆ ಉತ್ತರ ಕೊಡಲೇಬೇಕು. ಅವರು ಹೇಳಿದ್ದರಲ್ಲಿ ಒಪ್ಪುವಂಥದ್ದು ಇದೆ, ಅದನ್ನು ಒಪ್ಪುತ್ತೇನೆ. ಮೂಲ ಮಾತನ್ನು ಮಾತ್ರ ಬಿಟ್ಟುಕೊಡುವುದಿಲ್ಲ.

ಮೊದಲು ಯಾವ ಮೊಸಳೆ ಎಂಬುದು ತಿಳಿಯಾಗಲಿ. ದಾಂಡೇಲಿಯ ಕಾಳಿ ನದಿಯಲ್ಲಿ, ರಂಗನತಿಟ್ಟಿನ ಬಂಡೆಗಳ ಮೇಲೆ ನಾವು ನೋಡುವುದು ಮಗ್ಗರ್ ಮೊಸಳೆ. ಅದು ಸಿಹಿನೀರಿನದು, ನಾಲ್ಕು ಮೀಟರ್ ದಾಟಿದರೆ ದೊಡ್ಡದು. ಇಲ್ಲಿ ಚರ್ಚೆಯಲ್ಲಿರುವುದು ಒಡಿಶಾದ ಭಿತರ್‌ಕನಿಕಾ, ಸುಂದರಬನ, ಅಂಡಮಾನ್‌ಗಳಿಂದ ಹಿಡಿದು ಉತ್ತರ ಆಸ್ಟ್ರೇಲಿಯಾದವರೆಗೆ ಹರಡಿರುವ ಉಪ್ಪುನೀರಿನ ಮೊಸಳೆ. ಈಗ ಬದುಕಿರುವ ಸರೀಸೃಪಗಳಲ್ಲಿ ಅದಕ್ಕಿಂತ ದೊಡ್ಡದಿಲ್ಲ. 2011ರಲ್ಲಿ ಫಿಲಿಪೀನ್ಸಿನ ಬುನಾವಾನ್‌ನಲ್ಲಿ ಸೆರೆಯಾದ ಲೋಲೋಂಗ್ ಎಂಬ ಗಂಡು 6.17 ಮೀಟರ್ ಉದ್ದವಿತ್ತು, 1,075 ಕಿಲೋ ತೂಗಿತು. ಓರ್ಕಾ ಡಾಲ್ಫಿನ್ ಕುಟುಂಬದ ಅತಿ ದೊಡ್ಡ ಸದಸ್ಯ. ಬೆಳೆದ ಹೆಣ್ಣು ಮೂರು ನಾಲ್ಕು ಟನ್ ತೂಗುತ್ತದೆ, ಗಂಡು ಐದಾರು ಟನ್.

ಅತಿ ಹೆಚ್ಚು ಬಂದ ಆಕ್ಷೇಪ ದವಡೆಯದು. 2012ರಲ್ಲಿ ಪ್ರಕಟವಾದ ಗ್ರೆಗರಿ ಎರಿಕ್ಸನ್ ತಂಡದ ಅಧ್ಯಯನವನ್ನು ಹಲವರು ಮುಂದಿಟ್ಟಿದ್ದಾರೆ. ಮೊಸಳೆ ಜಾತಿಯ ಎಲ್ಲ ಪ್ರಭೇದಗಳ ಕಚ್ಚುವ ಬಲವನ್ನು ಆ ತಂಡ ಅಳೆಯಿತು. ಉಪ್ಪುನೀರಿನ ಮೊಸಳೆಯೊಂದು 16,414 ನ್ಯೂಟನ್ ಬಲದಿಂದ ಕಚ್ಚಿತು. ಎಂದರೆ ಸುಮಾರು 1,670 ಕಿಲೋ ಭಾರ ಹೇರಿದಷ್ಟು. ಬದುಕಿರುವ ಯಾವ ಪ್ರಾಣಿಯಲ್ಲೂ ಅಷ್ಟು ಬಲವನ್ನು ಅದುವರೆಗೆ ಯಾರೂ ನೇರವಾಗಿ ಅಳೆದಿರಲಿಲ್ಲ. ಇದು ನಿಜ, ಅದ್ಭುತವೂ ಹೌದು. ಓರ್ಕಾದ ಪರವಾಗಿ ಕೆಲವರು ಚದರ ಇಂಚಿಗೆ 19,000 ಪೌಂಡ್ ಎಂಬ ಅಂಕಿಯನ್ನು ಹೇಳುತ್ತಾರೆ. ಯಾರೂ ಅಳೆಯದ ಅಂಕಿ ಅದು, ನಾನು ಅದನ್ನು ಬಳಸಿಲ್ಲ, ಬಳಸುವುದೂ ಇಲ್ಲ. ಅಳತೆಗೆ ಸಿಕ್ಕ ಕಚ್ಚುವ ಬಲದಲ್ಲಿ ಪಟ್ಟ ಮೊಸಳೆಗೇ ಇರಲಿ.

ಆದರೆ ಆ ಬಲ ಯಾವ ಕೆಲಸಕ್ಕೆ ಬಂದದ್ದು? ಮೊಸಳೆಯ ಹಲ್ಲು ಗೂಟದಂತಿದೆ. ಅದು ಹಿಡಿಯುತ್ತದೆ, ಚುಚ್ಚುತ್ತದೆ, ಕತ್ತರಿಸುವುದಿಲ್ಲ. ಮಾಂಸ ಹರಿಯಬೇಕಾದರೆ ಮೊಸಳೆ ತನ್ನ ಇಡೀ ಮೈಯನ್ನು ಗಿರಗಿರನೆ ಉರುಳಿಸಬೇಕು. ಹಿಡಿಯುವುದಕ್ಕೂ ಬೇಟೆ ಬಾಯೊಳಗೆ ಕೂರಬೇಕು. ಆರು ಮೀಟರಿನ ಮೊಸಳೆಯ ತಲೆಯ ಉದ್ದವೇ ಮುಕ್ಕಾಲು ಮೀಟರಿನ ಆಸುಪಾಸು. ಬೆಳೆದ ಓರ್ಕಾದ ಎದೆ ಆ ಬಾಯಿಗೆ ದಕ್ಕುವುದಿಲ್ಲ. ದಕ್ಕುವುದು ಈಜುರೆಕ್ಕೆ ಮತ್ತು ಬಾಲದ ಅಂಚು. ಈಜುರೆಕ್ಕೆ ಸಿಕ್ಕರೆ ಓರ್ಕಾಕ್ಕೆ ಆಗುವ ಗಾಯ ಭೀಕರವಾಗಿರುತ್ತದೆ, ಇದನ್ನು ನಾನು ಅಲ್ಲಗಳೆಯುವುದಿಲ್ಲ. ಅದು ಸಿಗುವುದಕ್ಕೆ ಮೊದಲು ಏನಾಗುತ್ತದೆ ಎಂಬುದು ನನ್ನ ಪ್ರಶ್ನೆ. ಅದಕ್ಕೆ ಉತ್ತರ ದವಡೆಯಲ್ಲಿಲ್ಲ, ರಕ್ತದಲ್ಲಿದೆ.

ಆ ಮಾತಿಗೆ ಬರುವ ಮುನ್ನ ಕವಚದ ಆಕ್ಷೇಪವನ್ನು ಮುಗಿಸುತ್ತೇನೆ. ಮೊಸಳೆಯ ಬೆನ್ನಿನ ಚರ್ಮದೊಳಗೆ ಎಲುಬಿನ ಫಲಕಗಳಿವೆ, ಓರ್ಕಾದ ಹಲ್ಲು ಅಲ್ಲಿ ನಾಟುವುದಿಲ್ಲ ಎಂದು ವಾದ. ಬೆನ್ನಿನ ಮಟ್ಟಿಗೆ ವಾದ ಸರಿ. ಆದರೆ ಚರ್ಮದ ವ್ಯಾಪಾರಿಗಳು ಉಪ್ಪುನೀರಿನ ಮೊಸಳೆಯ ಹೊಟ್ಟೆಯ ಚರ್ಮಕ್ಕೆ ಬೇರೆಲ್ಲ ಮೊಸಳೆಗಳಿಗಿಂತ ಹೆಚ್ಚು ಬೆಲೆ ಕೊಡುವುದು ಅಲ್ಲಿ ಎಲುಬಿಲ್ಲ, ಪೊರೆಗಳು ಸಣ್ಣವು, ನಯವಾದವು ಎಂಬ ಕಾರಣಕ್ಕೇ. ಇನ್ನು ಓರ್ಕಾ ಬೇಟೆಯನ್ನು ಬೆನ್ನಿನಿಂದ ಕಚ್ಚುತ್ತಾ ಕೂರುವ ಪ್ರಾಣಿಯಲ್ಲ. ಕೆಳಗಿನಿಂದ ಬಂದು ಗುದ್ದುತ್ತದೆ, ಬಾಲದಿಂದ ಹೊಡೆಯುತ್ತದೆ, ಮಗುಚಿ ಹಾಕುತ್ತದೆ. 1997ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಬಳಿಯ ಫ್ಯಾರಲಾನ್ ದ್ವೀಪಗಳ ಹತ್ತಿರ ದೊಡ್ಡ ಬಿಳಿ ಶಾರ್ಕ್ ಒಂದನ್ನು ಓರ್ಕಾ ಕೊಂದದ್ದನ್ನು ದೋಣಿಯಲ್ಲಿದ್ದ ಜನ ಕಣ್ಣಾರೆ ಕಂಡರು. ದಕ್ಷಿಣ ಆಫ್ರಿಕಾದ ಮೊಸೆಲ್ ಕೊಲ್ಲಿಯಲ್ಲಿ 2023ರಲ್ಲಿ ಸ್ಟಾರ್‌ಬೋರ್ಡ್ ಎಂದು ಹೆಸರಿಟ್ಟ ಗಂಡು ಓರ್ಕಾ ಎರಡೂವರೆ ಮೀಟರಿನ ಬಿಳಿ ಶಾರ್ಕ್ ಮರಿಯನ್ನು ಒಂಟಿಯಾಗಿ, ಎರಡು ನಿಮಿಷದೊಳಗೆ ಮುಗಿಸಿ ಅದರ ಯಕೃತ್ತನ್ನು ಕಿತ್ತುಕೊಂಡಿತು. ಐದು ಟನ್ನಿನ ಮೈ ವೇಗವಾಗಿ ಬಂದು ಹೊಟ್ಟೆಗೆ ಬಡಿದಾಗ ಬೆನ್ನಿನ ಫಲಕ ಏನನ್ನು ಕಾಪಾಡುತ್ತದೆ?

ಈಗ ರಕ್ತದ ಮಾತು. ಇದು ನನಗೆ ಇಡೀ ಚರ್ಚೆಯ ತಿರುಳು. ಒಬ್ಬ ಓದುಗರು ಬರೆದಿದ್ದಾರೆ: ಮೊಸಳೆ ಗಂಟೆಗೂ ಮೀರಿ ಉಸಿರು ಹಿಡಿಯಬಲ್ಲದು, ಓರ್ಕಾಕ್ಕೆ ಕಾಲು ಗಂಟೆಯ ಆಸುಪಾಸಿನಲ್ಲಿ ಉಸಿರು ಬೇಕೇ ಬೇಕು, ಆದ್ದರಿಂದ ಮೊಸಳೆ ಅದನ್ನು ಹಿಡಿದು ಮುಳುಗಿಸಿಬಿಟ್ಟರೆ ಸಾಕು. ಅಂಕಿಗಳು ಸರಿಯಾಗಿಯೇ ಇವೆ, ಅವುಗಳಿಂದ ತೆಗೆದ ತೀರ್ಮಾನ ಸರಿಯಿಲ್ಲ. ಮೊಸಳೆ ಗಂಟೆಗಟ್ಟಲೆ ನೀರಿನಡಿ ಇರುವುದು ಅಲುಗಾಡದೆ ಬಿದ್ದುಕೊಂಡಾಗ. ಆಗ ಅದರ ಹೃದಯ ನಿಧಾನವಾಗುತ್ತದೆ, ಖರ್ಚು ಇಲ್ಲವೆನ್ನುವಷ್ಟು ಇಳಿಯುತ್ತದೆ. ಹೋರಾಟದಲ್ಲಿ ಅದರ ಲೆಕ್ಕವೇ ಬೇರೆ. ಮೊಸಳೆಯ ಸ್ನಾಯು ಜೋರಾಗಿ ದುಡಿಯುವುದು ಬಹುಪಾಲು ಆಮ್ಲಜನಕವಿಲ್ಲದೆ. ಹಾಗೆ ದುಡಿದಷ್ಟೂ ಲ್ಯಾಕ್ಟಿಕ್ ಆಮ್ಲ ತುಂಬಿಕೊಳ್ಳುತ್ತದೆ. ದೊಡ್ಡ ಮೊಸಳೆ ಸಣ್ಣದಕ್ಕಿಂತ ಹೆಚ್ಚು ಹೊತ್ತು ಸೆಣಸಬಲ್ಲದು, ಆದರೆ ಅದು ತೆರುವ ಬೆಲೆಯೂ ಹೆಚ್ಚು. ಬಹಳ ಹೊತ್ತು ಒದ್ದಾಡಿ ಸೆರೆಸಿಕ್ಕ ದೊಡ್ಡ ಮೊಸಳೆಗಳು ಮೈಮೇಲೆ ಗಾಯವಿಲ್ಲದೆಯೂ ಸತ್ತದ್ದುಂಟು. ಅವುಗಳನ್ನು ಕೊಂದದ್ದು ಅವುಗಳದೇ ರಕ್ತದ ಆಮ್ಲ. ಆಸ್ಟ್ರೇಲಿಯಾದ ಮೊಸಳೆ ಹಿಡಿಯುವವರಿಗೆ ಇದು ಚೆನ್ನಾಗಿ ಗೊತ್ತು.

ಅಡಿಲೇಡ್ ವಿಶ್ವವಿದ್ಯಾಲಯದ ರಾಜರ್ ಸೀಮೋರ್ 2013ರಲ್ಲಿ ಇದಕ್ಕೊಂದು ಲೆಕ್ಕ ಕೊಟ್ಟರು. 200 ಕಿಲೋ ತೂಕದ ಮೊಸಳೆ, ಮೈ ಚೆನ್ನಾಗಿ ಬೆಚ್ಚಗಿರುವಾಗಲೂ, ಪರಮಾವಧಿ ಶ್ರಮದಲ್ಲಿ ಹೊಮ್ಮಿಸುವ ಶಕ್ತಿ ಅಷ್ಟೇ ತೂಕದ ಸಸ್ತನಿಯದರ ಶೇ. 14ರಷ್ಟು ಮಾತ್ರ. ಗಾತ್ರ ಹೆಚ್ಚಿದಂತೆ ಈ ಅಂತರವೂ ಹೆಚ್ಚುತ್ತದೆ. ಸಮ ತೂಕದಲ್ಲೇ ಕತೆ ಹೀಗಿರುವಾಗ ಎದುರಿಗಿರುವುದು ನಾಲ್ಕೈದು ಪಟ್ಟು ಭಾರದ ಸಸ್ತನಿ. ಅದರ ಮೈ ಬಿಸಿ ಕಡಲಿನ ತಣ್ಪಿಗೆ ಇಳಿಯುವುದಿಲ್ಲ. ಅದರ ಸ್ನಾಯುಗಳಲ್ಲಿ ಆಮ್ಲಜನಕವನ್ನು ಕೂಡಿಟ್ಟುಕೊಳ್ಳುವ ಮಯೋಗ್ಲೋಬಿನ್ ಹೇರಳವಾಗಿದೆ. ಅದು 1,000 ಮೀಟರಿಗೂ ಆಳಕ್ಕೆ ಮುಳುಗಿ ಬಂದದ್ದು ದಾಖಲಾಗಿದೆ. ಮುಳುಗಿಸಿ ಕೊಲ್ಲುವ ಉಪಾಯ ಇಂಥ ಜೀವಿಯ ಮೇಲೆ ನಡೆಯುವುದು ಹೇಗೆ?

ಗಜೇಂದ್ರನ ಕತೆಯನ್ನು ಇಬ್ಬರು ನೆನಪಿಸಿದ್ದಾರೆ. ಮೊಸಳೆ ಆನೆಯ ಕಾಲನ್ನೇ ಹಿಡಿದು ನಿಲ್ಲಿಸಿತಲ್ಲ, ನಿಮ್ಮ ಟನ್ನುಗಳ ಲೆಕ್ಕ ಏನಾಯಿತು ಎಂದು ಅವರ ಪ್ರಶ್ನೆ. ಕತೆಯಲ್ಲೇ ಉತ್ತರವಿದೆ. ಭಾಗವತದಲ್ಲಿ ದಿನ ಕಳೆದಂತೆ ಆನೆಯ ಬಲ ಕುಂದಿತು, ಮೊಸಳೆಯದು ಏರಿತು. ಕಾರಣ, ಅವು ಸೆಣಸುತ್ತಿದ್ದ ಕೊಳ ಮೊಸಳೆಯ ಮನೆ. ಉಪ್ಪುನೀರಿನ ಮೊಸಳೆ ಎಮ್ಮೆಯನ್ನೂ ಕಾಡುಹಂದಿಯನ್ನೂ ಎಳೆದೊಯ್ಯುವ ಗುಟ್ಟು ಅದೇ. ನೆಲದ ಪ್ರಾಣಿ ನೀರಿಗೆ ಬಾಯಿ ಹಾಕಿದ ಕ್ಷಣದಲ್ಲಿ ಅದರ ಉಸಿರನ್ನೂ ಕಾಲೂರುವ ನೆಲೆಯನ್ನೂ ಒಟ್ಟಿಗೆ ಕಸಿದುಕೊಳ್ಳುವುದು. ಓರ್ಕಾದಿಂದ ಕಸಿಯಲು ಅಂಥ ನೆಲವೇ ಇಲ್ಲ.

ಮೊಸಳೆಯೂ ಕಡಲ ಪ್ರಾಣಿಯೇ ಎಂಬುದು ಮುಂದಿನ ಆಕ್ಷೇಪ. ಈ ಆಕ್ಷೇಪ ನನಗೆ ಇಷ್ಟವಾಯಿತು, ಏಕೆಂದರೆ ಇದರ ಹಿಂದಿರುವ ಸಂಗತಿ ಸುಂದರ. ಕ್ವೀನ್ಸ್‌ಲ್ಯಾಂಡಿನಲ್ಲಿ ಹೇಮಿಶ್ ಕ್ಯಾಂಪ್‌ಬೆಲ್ ಮತ್ತು ಸಂಗಡಿಗರು ಮೊಸಳೆಗಳಿಗೆ ಟ್ರಾನ್ಸ್‌ಮಿಟರ್ ಕಟ್ಟಿ ಹಿಂಬಾಲಿಸಿದರು. ಒಂದು 25 ದಿನಗಳಲ್ಲಿ 590 ಕಿಲೋಮೀಟರ್ ಹೋಯಿತು. ಇನ್ನೊಂದು ಟಾರೆಸ್ ಜಲಸಂಧಿಯನ್ನು ಹಾದು 20 ದಿನಗಳಲ್ಲಿ 411 ಕಿಲೋಮೀಟರ್ ಕ್ರಮಿಸಿತು. ಆದರೆ ಅವು ಹೋದ ಬಗೆಯನ್ನು ಗಮನಿಸಿ. ಪ್ರವಾಹ ತಮ್ಮ ದಿಕ್ಕಿಗಿದ್ದಾಗ ಅದರ ಮೇಲೆ ತೇಲಿದವು. ಪ್ರವಾಹ ತಿರುಗಿದಾಗ ದಡ ಹತ್ತಿ ಕಾದವು. ಟಾರೆಸ್ ಜಲಸಂಧಿಯ ಬಾಯಲ್ಲಿ ಆ ಗಂಡು ನೀರು ತಿರುಗುವವರೆಗೆ ದಿನಗಟ್ಟಲೆ ಕೂತಿತ್ತು. ಎಷ್ಟು ಜಾಣ ಪ್ರಯಾಣ! ಕಡಲು ಅದಕ್ಕೆ ದಾರಿ, ಒಂದು ಅಳಿವೆಯಿಂದ ಇನ್ನೊಂದು ಅಳಿವೆಗೆ ಹೋಗುವ ದಾರಿ. ನಾಲಿಗೆಯ ಮೇಲಿನ ಉಪ್ಪುಗ್ರಂಥಿಗಳು ದಾರಿಯಲ್ಲಿ ಅದನ್ನು ಬದುಕಿಸುತ್ತವೆ. ಓರ್ಕಾಕ್ಕೆ ಕಡಲೇ ಊರು. ಅಂಟಾರ್ಕ್ಟಿಕಾದ ಓರ್ಕಾಗಳಿಗೆ ಉಪಗ್ರಹ ಟ್ಯಾಗ್ ಹಾಕಿದಾಗ ಒಂದು ಬ್ರೆಜಿಲ್‌ ಕಡೆಯ ಬೆಚ್ಚಗಿನ ನೀರಿನವರೆಗೆ ಹೋಗಿ ಮರಳಿತು. 9,000 ಕಿಲೋಮೀಟರಿಗೂ ಹೆಚ್ಚಿನ ಆ ಸುತ್ತಿಗೆ ಅದು ತೆಗೆದುಕೊಂಡದ್ದು 42 ದಿನ. ಅದಕ್ಕೆ ಪ್ರವಾಹದ ಅಪ್ಪಣೆ ಬೇಕಿರಲಿಲ್ಲ.

ಅಳಿವೆಯಲ್ಲಿ, ಕಾಂಡ್ಲಾ ಕಾಡಿನ ಕೆಸರು ಕಾಲುವೆಯಲ್ಲಿ ಎದುರಾದರೆ? ಅಲ್ಲಿ ಮಾತು ಬೇರೆ, ನಾನು ಮೊದಲೇ ತೆರೆದ ಕಡಲು ಎಂದೇ ಬರೆದದ್ದು. ಕೆಸರಿನಲ್ಲಿ ಕಣ್ಣು ಕಾಣದಿರುವುದು ಓರ್ಕಾಕ್ಕೆ ದೊಡ್ಡ ಸಮಸ್ಯೆಯಲ್ಲ, ಅದು ಪ್ರತಿಧ್ವನಿಯಿಂದಲೂ ನೋಡುತ್ತದೆ. ಆದರೆ ಆಳವಿಲ್ಲದ ನೀರು ಅದರ ವೇಗವನ್ನು ಕಿತ್ತುಕೊಳ್ಳುತ್ತದೆ, ಸಿಹಿನೀರು ಅದರ ಮೈಗೆ ಒಗ್ಗುವುದಿಲ್ಲ. 2022ರ ಮೇ ತಿಂಗಳಲ್ಲಿ ಫ್ರಾನ್ಸಿನ ಸೇನ್ ನದಿಯೊಳಗೆ ದಾರಿತಪ್ಪಿ ಬಂದ ಓರ್ಕಾ ಒಂದನ್ನು ಅದರದೇ ಜಾತಿಯ ಧ್ವನಿ ಕೇಳಿಸಿ ಕಡಲಿಗೆ ಮರಳಿಸಲು ಹೆಣಗಿದರು. ಆಗಲಿಲ್ಲ, ಅದು ಸತ್ತೇಹೋಯಿತು. ಭಿತರ್‌ಕನಿಕಾದ ಕಾಲುವೆಯಲ್ಲಿ ಸಿಕ್ಕಿಬಿದ್ದ, ಸೊರಗಿದ ಓರ್ಕಾವನ್ನು ದೊಡ್ಡ ಮೊಸಳೆ ಕೊಲ್ಲಬಲ್ಲದು. ಇದನ್ನು ಬರೆದುಕೊಡಲು ನನಗೆ ಯಾವ ಹಿಂಜರಿಕೆಯೂ ಇಲ್ಲ.

ರಾಮ್ರೀ ದ್ವೀಪದ ಪ್ರಸಂಗವನ್ನು ಸಾಕ್ಷಿಯಾಗಿ ತಂದವರಿಗೆ ಚುಟುಕಾಗಿ ಹೇಳುತ್ತೇನೆ. 1945ರ ಫೆಬ್ರವರಿಯಲ್ಲಿ ಬರ್ಮಾದ ಆ ದ್ವೀಪದಲ್ಲಿ ಹಿಮ್ಮೆಟ್ಟುತ್ತಿದ್ದ ಸುಮಾರು ಸಾವಿರ ಜಪಾನಿ ಸೈನಿಕರಲ್ಲಿ ಬಹುತೇಕರನ್ನು ಒಂದೇ ರಾತ್ರಿ ಮೊಸಳೆಗಳು ತಿಂದವು ಎಂಬ ಕತೆ ದಾಖಲೆ ಪುಸ್ತಕಗಳಲ್ಲೂ ಸೇರಿಹೋಗಿದೆ. ಮುಂದೆ ಮೊಸಳೆ ತಜ್ಞರೇ ಆ ದ್ವೀಪಕ್ಕೆ ಹೋಗಿ ಯುದ್ಧ ಕಂಡ ಹಿರಿಯರನ್ನು ಮಾತಾಡಿಸಿದರು. ಆ ಹಿರಿಯರು ಕತೆಯನ್ನು ಒಪ್ಪಲಿಲ್ಲ. ಹಸಿವು, ಬಾಯಾರಿಕೆ, ರೋಗ, ಗುಂಡು ಇವೇ ಸತ್ತವರಲ್ಲಿ ಬಹುತೇಕರನ್ನು ಕೊಂದವು. ಮೊಸಳೆಗೆ ಸಿಕ್ಕವರು ಕೆಲವೇ ಮಂದಿ. ಒಂದು ಪ್ರಾಣಿಯ ದೊಡ್ಡತನ ತೋರಿಸಲು ಅದರ ಮೇಲೆ ಸಾವಿರ ಕೊಲೆ ಹೊರಿಸುವುದು ಅದಕ್ಕೆ ಮಾಡುವ ಅನ್ಯಾಯ. ಭಯದಿಂದ ಹುಟ್ಟಿದ ಇಂಥ ಕತೆಗಳು ಮೊಸಳೆಗಳನ್ನು ಕಂಡಲ್ಲಿ ಗುಂಡಿಕ್ಕಿದವರಿಗೆ ನೆಪವಾಗಿದ್ದವು.

ಓರ್ಕಾ ಗುಂಪು ಕಟ್ಟಿಕೊಂಡು ಬರುತ್ತದೆ, ಒಂಟಿ ಮೊಸಳೆಯ ಜೊತೆ ಹೋಲಿಸುವುದು ನ್ಯಾಯವಲ್ಲ ಎಂದು ಹಲವರು ಬರೆದಿದ್ದಾರೆ. ಒಂಟಿ ಓರ್ಕಾದ ಬಗ್ಗೆ ಮೇಲೆ ಹೇಳಿದ್ದೇನೆ. ಆದರೆ ಓರ್ಕಾವನ್ನು ಅದರ ಬಳಗದಿಂದ ಬಿಡಿಸಿ ತೂಗುವುದೇ ಸರಿಯಲ್ಲ ಎಂದು ನಾನು ವಾದಿಸುತ್ತೇನೆ. ಅದರ ಆಯುಧಗಳಲ್ಲಿ ಬಳಗವೂ ಒಂದು, ಮೊಸಳೆಗೆ ದವಡೆ ಇದ್ದಂತೆ. ಅಂಟಾರ್ಕ್ಟಿಕಾದಲ್ಲಿ ಓರ್ಕಾಗಳು ಸಾಲುಗಟ್ಟಿ ಈಜಿ ಅಲೆ ಎಬ್ಬಿಸಿ, ಮಂಜಿನ ಹಲಗೆಯ ಮೇಲೆ ಮಲಗಿದ ಸೀಲ್ ಅನ್ನು ನೀರಿಗೆ ಕೆಡವುತ್ತವೆ. ಅರ್ಜೆಂಟೀನಾದ ವಾಲ್ಡೆಸ್ ಪರ್ಯಾಯ ದ್ವೀಪದಲ್ಲಿ ದಡಕ್ಕೇ ನುಗ್ಗಿ ಕಡಲಸಿಂಹದ ಮರಿಗಳನ್ನು ಹಿಡಿಯುತ್ತವೆ. ಅದನ್ನು ಎಳೆಯವು ಹಿರಿಯರಿಂದ ವರ್ಷಗಟ್ಟಲೆ ಕಲಿಯುತ್ತವೆ. 2019ರ ಮಾರ್ಚ್‌ನಲ್ಲಿ ಪಶ್ಚಿಮ ಆಸ್ಟ್ರೇಲಿಯಾದ ಬ್ರೆಮರ್ ಕೊಲ್ಲಿಯಾಚೆ ಓರ್ಕಾಗಳು ಬೆಳೆದ ನೀಲಿ ತಿಮಿಂಗಿಲವನ್ನೇ ಕೊಂದವು, ಮುಂದಾಳತ್ವ ಹೆಣ್ಣುಗಳದು. ಹೆಣ್ಣು ಓರ್ಕಾ ಮುಟ್ಟು ನಿಂತ ಮೇಲೂ ದಶಕಗಳ ಕಾಲ ಬದುಕುತ್ತದೆ. ಸಾಮನ್ ಮೀನು ಕಡಿಮೆಯಾದ ವರ್ಷಗಳಲ್ಲಿ ಗುಂಪಿನ ಮುಂದೆ ಈಜುವುದು ಅಂಥ ಅಜ್ಜಿಯರೇ.

ಮೊಸಳೆಯೂ ಬುದ್ಧಿಯಿಲ್ಲದ ಜೀವಿಯಲ್ಲ ಎಂದು ನೆನಪಿಸಿದವರಿಗೆ ನಾನು ಕೃತಜ್ಞ. ತಾಯಿ ಮೊಸಳೆ ಅದೇ ಭೀಕರ ದವಡೆಯಲ್ಲಿ ಮರಿಗಳನ್ನು ಎತ್ತಿ ನೀರಿಗೆ ಬಿಡುತ್ತದೆ. ಚೆನ್ನೈ ಬಳಿಯ ಮೊಸಳೆ ಬ್ಯಾಂಕಿನಲ್ಲಿ ಮಗ್ಗರ್‌ಗಳು ಮೂತಿಯ ಮೇಲೆ ಕಡ್ಡಿ ಇಟ್ಟುಕೊಂಡು, ಗೂಡಿಗೆ ಕಡ್ಡಿ ಹುಡುಕುವ ಬೆಳ್ಳಕ್ಕಿಗಳನ್ನು ಸೆಳೆಯುತ್ತವೆ ಎಂದು 2013ರಲ್ಲಿ ವ್ಲಾದಿಮಿರ್ ಡಿನೆಟ್ಸ್ ಮತ್ತಿತರರು ವರದಿ ಮಾಡಿದರು. ಆದರೂ ಆಯಾ ಮನೆತನಕ್ಕೆ ಪ್ರತ್ಯೇಕವಾದ ಬೇಟೆಯ ವಿದ್ಯೆ ತಲೆಮಾರಿನಿಂದ ತಲೆಮಾರಿಗೆ ಹರಿದುಬರುವುದನ್ನು ಮೊಸಳೆಯಲ್ಲಿ ಯಾರೂ ಕಂಡಿಲ್ಲ.

ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ ಇದು: ಓರ್ಕಾ ಮೊಸಳೆಯನ್ನು ಕೊಂದ ಒಂದೇ ಒಂದು ನಂಬಲರ್ಹ ದಾಖಲೆ ತೋರಿಸಿ. ನನ್ನಲ್ಲಿ ಇಲ್ಲ. ಮೊಸಳೆ ಓರ್ಕಾವನ್ನು ಕೊಂದ ದಾಖಲೆಯನ್ನು ಅವರೂ ತೋರಿಸಿಲ್ಲ. ನಾನು ಹೇಳಿದ್ದು ನಡೆದ ಕಾಳಗದ ವರದಿಯಲ್ಲ, ಎರಡು ಮೈಗಳ ಸಾಮರ್ಥ್ಯದ ತುಲನೆ. ಉತ್ತರ ಆಸ್ಟ್ರೇಲಿಯಾ, ಪಪುವಾ ನ್ಯೂ ಗಿನಿಯ ನೀರಿನಲ್ಲಿ ಎರಡೂ ಇವೆ. ಎದುರಾದರೂ ಓರ್ಕಾ ಮೊಸಳೆಯನ್ನು ಮುಟ್ಟದೇ ಹೋಗುವ ಸಾಧ್ಯತೆಯೇ ಹೆಚ್ಚು ಎಂದು ನಾನು ಭಾವಿಸುತ್ತೇನೆ. ಕಾರಣ ಅಂಜಿಕೆಯಲ್ಲ. ತಾಯಿ ತಿನ್ನಲು ಕಲಿಸದ್ದನ್ನು ಓರ್ಕಾ ಆಹಾರವೆಂದೇ ಎಣಿಸುವುದಿಲ್ಲ. 1970ರಲ್ಲಿ ಕೆನಡಾದ ಪೆಡರ್ ಕೊಲ್ಲಿಯಲ್ಲಿ ಐದು ಓರ್ಕಾಗಳನ್ನು ಸೆರೆಹಿಡಿದು ಮೀನು ಹಾಕಿದರು. ಅವು ಸೀಲ್‌ಗಳನ್ನು ತಿಂದು ಬೆಳೆದ ಬಳಗದವು ಎಂಬುದು ಆಗ ಯಾರಿಗೂ ತಿಳಿದಿರಲಿಲ್ಲ. ಅವುಗಳಲ್ಲಿ ಮೂರು ಎರಡು ತಿಂಗಳಿಗೂ ಹೆಚ್ಚು ಕಾಲ ಮೀನನ್ನು ಮುಟ್ಟಲಿಲ್ಲ. ಆ ಮೂರರಲ್ಲಿ ಒಂದು ಸತ್ತ ಮೇಲಷ್ಟೇ ಉಳಿದವು ಬಾಯಿ ತೆರೆದವು. ಇಂಥ ಜೀವಿ ಮೊಸಳೆಯನ್ನು ತಿಂದ ದಾಖಲೆ ಇಲ್ಲದಿರುವುದನ್ನು ಅದರ ಸೋಲೆಂದು ಓದುವುದು ಹೇಗೆ?

ಮೊಸಳೆ ಡೈನೋಸಾರ್‌ಗಳನ್ನೂ ಕಂಡ ವಂಶ, ಕೋಟ್ಯಂತರ ವರ್ಷ ಸೋಲದ ಯಂತ್ರ ಎಂಬ ವಾದ ಉಳಿಯಿತು. ವಂಶ ಹಳೆಯದು, ಹೌದು. ಆದರೆ ಕಡಲನ್ನು ಆಳಿದ ಹಳೆಯ ಸರೀಸೃಪಗಳ ಕಡೆ ಒಮ್ಮೆ ನೋಡಬೇಕು. ಇಕ್ತಿಯೋಸಾರ್ ಮತ್ತು ಪ್ಲೀಸಿಯೋಸಾರ್‌ಗಳ ಹಲ್ಲಿನಲ್ಲಿರುವ ಆಮ್ಲಜನಕದ ಐಸೊಟೋಪ್‌ಗಳನ್ನು ಅಳೆದ ಫ್ರೆಂಚ್ ವಿಜ್ಞಾನಿಗಳು 2010ರಲ್ಲಿ ಅವುಗಳ ಮೈಬಿಸಿ 35 ಡಿಗ್ರಿಯ ಆಸುಪಾಸು ಅಥವಾ ಮೇಲೆ ಇತ್ತೆಂದು ಅಂದಾಜಿಸಿದರು. ತೆರೆದ ಕಡಲಿನಲ್ಲಿ ಅಟ್ಟಿಸಿಕೊಂಡು ಹೋಗಿ ಬೇಟೆಯಾಡಲು ಹೊರಟ ಸರೀಸೃಪಗಳೂ ತಮ್ಮ ರಕ್ತವನ್ನು ಬೆಚ್ಚಗೆ ಮಾಡಿಕೊಂಡವು. ಅಂಥ ಹದಿನೈದು ಮೀಟರಿನ ಪ್ರಾಚೀನ ಜೀವಿಯೊಂದರ ಎದುರು ಒಂಟಿ ಓರ್ಕಾ ಗೆಲ್ಲುತ್ತದೆ ಎಂದು ನಾನು ಎಲ್ಲೂ ಹೇಳಿಲ್ಲ. ಇಂದಿನ ಮೊಸಳೆಯ ದಾರಿ ಅದಲ್ಲ. ತಣ್ಣನೆ ರಕ್ತ, ತಿಂಗಳುಗಟ್ಟಲೆ ಉಪವಾಸ ತಡೆಯುವ ಮೈ, ದಡದಲ್ಲಿ ಹೊಂಚು, ಒಂದೇ ನೆಗೆತ. ಆ ದಾರಿಯಲ್ಲಿ ಅದನ್ನು ಮೀರಿಸಿದವರಿಲ್ಲ.

ಒಬ್ಬರು ಈ ಹೋಲಿಕೆಯೇ ಅಸಂಬದ್ಧ, ಎರಡಕ್ಕೂ ಸಂಬಂಧವೇ ಇಲ್ಲ ಎಂದು ತಳ್ಳಿಹಾಕಿದ್ದಾರೆ. ಸಂಬಂಧ ಇದೆ, ಅದೂ ನಮ್ಮ ಉಪಖಂಡದ ಕಲ್ಲುಗಳಲ್ಲೇ ಇದೆ. ಭೂವಿಜ್ಞಾನಿ ಎ. ರಂಗರಾವ್ ಜಮ್ಮು ಪ್ರದೇಶದ ಕಾಲಾಕೋಟದಲ್ಲಿ ಕಲೆಹಾಕಿದ ಪಳೆಯುಳಿಕೆಗಳಿಂದ 1971ರಲ್ಲಿ ಇಂಡೋಹಯಸ್ ಎಂಬ ಪುಟ್ಟ ಗೊರಸಿನ ಪ್ರಾಣಿಯನ್ನು ಹೆಸರಿಸಿದರು. ಅವರು ಸಂಗ್ರಹಿಸಿಟ್ಟ ಕಲ್ಲುಗಳನ್ನು ಅವರ ಕಾಲದ ನಂತರ ಅವರ ಪತ್ನಿಯು ಪಳೆಯುಳಿಕೆ ವಿಜ್ಞಾನಿ ಹಾನ್ಸ್ ಥೀವಿಸ್ಸನ್ ಅವರಿಗೆ ಒಪ್ಪಿಸಿದರು. ಆ ಕಲ್ಲುಗಳೊಳಗೆ ಸಿಕ್ಕ ತಲೆಬುರುಡೆಯ ಕಿವಿಯ ಎಲುಬಿನಲ್ಲಿ ಓರ್ಕಾವೂ ಸೇರಿದ ತಿಮಿಂಗಿಲ ವಂಶಕ್ಕೇ ವಿಶಿಷ್ಟವಾದ ದಪ್ಪ ಗೋಡೆ ಕಂಡಿತು. ಸುನಿಲ್ ಬಾಜಪೇಯಿ ಮೊದಲಾದವರೂ ಇದ್ದ ಆ ತಂಡ 2007ರಲ್ಲಿ ಇದನ್ನು ಪ್ರಕಟಿಸಿತು. ಇದೇ ಥೀವಿಸ್ಸನ್ 1994ರಲ್ಲಿ, ಪಾಕಿಸ್ತಾನದ ಪಂಜಾಬಿನ ಬೆಟ್ಟಸಾಲಿನಲ್ಲಿ ಸಿಕ್ಕ ಆಂಬ್ಯುಲೋಸೀಟಸ್ ಅನ್ನು ಲೋಕಕ್ಕೆ ತೋರಿಸಿದ್ದರು. ಸುಮಾರು 4.8 ಕೋಟಿ ವರ್ಷ ಹಿಂದಿನ, ಮೂರು ಮೀಟರ್ ಉದ್ದದ, ಕಾಲಿದ್ದ ತಿಮಿಂಗಿಲ ಅದು. ಉದ್ದ ಮೂತಿ, ತಲೆಯ ಮೇಲ್ಭಾಗದಲ್ಲಿ ಕಣ್ಣು, ಮೋಟು ಕಾಲು. ಅಳಿವೆಯ ತೆಳುನೀರಿನಲ್ಲಿ ಮೈ ಅಡಗಿಸಿ ಹೊಂಚಿ ಹಿಡಿಯುವುದು ಅದರ ಬದುಕಾಗಿತ್ತು ಎಂದು ಅದರ ಎಲುಬುಗಳನ್ನು ಓದಿದವರು ಹೇಳುತ್ತಾರೆ. ಎಂದರೆ ಮೊಸಳೆ ಇಂದು ಮಾಡುವ ಕಸುಬನ್ನು ಓರ್ಕಾದ ಕಡೆಯವರು ಒಂದು ಕಾಲಕ್ಕೆ ಮಾಡಿದ್ದರು. ಆ ವಂಶದ ಮುಂದಿನ ತಲೆಗಳು ದಡ ಬಿಟ್ಟು ಆಳಕ್ಕೆ ಹೋದವು, ಹೊಂಚುವುದನ್ನು ಬಿಟ್ಟು ಅಟ್ಟುವುದನ್ನು ಕಲಿತವು, ಹಿಂಗಾಲುಗಳನ್ನು ಕಳೆದುಕೊಂಡವು. ಅಳಿವೆಯ ಕೆಲಸ ಮೊಸಳೆಗೆ ಉಳಿಯಿತು.